ಡೋಪ್ ಮಾಡಿದ ಹೈಡ್ರಾಕ್ಸೈಡ್ ಪೊರೆಯ ವಾಹಕತೆ ಕೈಕೊಟ್ಟಾಗ: ದೋಷ ಪತ್ತೆಯ ಕೈಪಿಡಿ

ಮೆಗ್ನೀಸಿಯಂ ಹೈಡ್ರಾಕ್ಸೈಡ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹೊಟ್ಟೆಯುರಿಗೆ ಕುಡಿಯುವ ಹಾಲಿನಂಥ ಬಿಳಿ ಔಷಧ. ಅದೇ ವಸ್ತುವನ್ನು ಗಾಜಿನ ಮೇಲೆ ಒಂದು ಮೈಕ್ರೋಮೀಟರಿಗೂ ಕಡಿಮೆ ದಪ್ಪದ ಪೊರೆಯಾಗಿ ಬೆಳೆಸಿದರೆ ಅದು ಪಾರದರ್ಶಕವಾಗಿರುತ್ತದೆ. ಅದರ ಪಟ್ಟಿ ಅಂತರ (ಎಲೆಕ್ಟ್ರಾನೊಂದನ್ನು ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಶಕ್ತಿ) ಸುಮಾರು 5.7 ಎಲೆಕ್ಟ್ರಾನ್‌ವೋಲ್ಟ್ ಇರುವುದರಿಂದ ಸುಮಾರು 217 ನ್ಯಾನೋಮೀಟರಿಗಿಂತ ಕಿರಿದಾದ ತರಂಗದ ಬೆಳಕನ್ನು ಮಾತ್ರ ಅದು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಬೆಳಕೆಲ್ಲ ಹಾಗೆಯೇ ಹಾದುಹೋಗುತ್ತದೆ. ಇಂಥ ಪೊರೆಗೆ ವಾಹಕತೆಯನ್ನೂ ಕೊಡಬಹುದಾದರೆ, ಅಗ್ಗದ ಹಾಗೂ ವಿಷವಲ್ಲದ ಪಾರದರ್ಶಕ ಅರೆವಾಹಕವೊಂದು ಕೈಗೆ ಸಿಕ್ಕಂತಾಗುತ್ತದೆ. ಜಪಾನಿನ ನಗೋಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಿದ್ಯುದ್ರಾಸಾಯನಿಕ ಲೇಪನದ ಮೂಲಕ ತಾಮ್ರ ಸೇರಿಸಿದ ಪೊರೆಗಳನ್ನು ಮಾಡಿದ್ದಾರೆ. ತೋಕಾಯ್ ವಿಶ್ವವಿದ್ಯಾಲಯದಲ್ಲಿ ಮೆಗ್ನೀಸಿಯಂ ಮತ್ತು ಕಾರ್ಬನ್ನನ್ನು ಒಟ್ಟಿಗೆ ಸ್ಪಟರಿಂಗ್ ಮಾಡಿ (ಅಯಾನುಗಳಿಂದ ಬಡಿದು ಪರಮಾಣುಗಳನ್ನು ಕಿತ್ತು ಪೊರೆಯಾಗಿ ಕೂರಿಸಿ), ಬಳಿಕ ತೇವಕ್ಕೆ ಒಡ್ಡಿ, ವಾಹಕ ಪೊರೆಗಳನ್ನು ಪಡೆದಿದ್ದಾರೆ. ದಾರಿ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ದಾರಿಯಲ್ಲಿ ಹೊರಟವರು ಎಡವುವುದು ಹೆಚ್ಚಾಗಿ ಪೊರೆ ಮಾಡುವಾಗಲ್ಲ, ಮೀಟರಿನ ಅಂಕಿಯನ್ನು ನಂಬುವಾಗ.

ಈ ಕೈಪಿಡಿಯಲ್ಲಿ ನಾನು ಪದೇ ಪದೇ ಹೇಳುವ ಮಾತು ಒಂದೇ. ಹೈಡ್ರಾಕ್ಸೈಡಿನಲ್ಲಿ ವಾಹಕತೆ ಏರಿತೆ, ಇಳಿಯಿತೆ ಎಂದು ಕೇಳುವುದಕ್ಕೆ ಮೊದಲು, ವಿದ್ಯುತ್ತನ್ನು ಹೊತ್ತು ಸಾಗುತ್ತಿರುವುದು ಯಾವುದು ಎಂದು ಕೇಳಬೇಕು. ಎಲೆಕ್ಟ್ರಾನೋ, ರಂಧ್ರವೋ (ಎಲೆಕ್ಟ್ರಾನ್ ಇಲ್ಲದ, ಧನ ಆವೇಶದಂತೆ ಸಾಗುವ ತೆರವು), ಪ್ರೋಟಾನೋ, ತೊಳೆಯದೆ ಉಳಿದ ಉಪ್ಪೋ, ಅಥವಾ ಅಡಿಯಲ್ಲಿರುವ ಗಾಜಿನ ವಾಹಕ ಲೇಪವೋ ಎಂಬುದು ತಿಳಿಯದ ಹೊರತು ಡೋಪಂಟಿನ, ಅಂದರೆ ವಾಹಕತೆಗಾಗಿ ಬೆರೆಸುವ ಅನ್ಯ ಧಾತುವಿನ, ಪ್ರಮಾಣವನ್ನು ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ದಿನಕ್ಕೊಂದು ಅಂಕಿ ಬರುತ್ತಿದ್ದರೆ

ಬೆಳಿಗ್ಗೆ ಒಂದು ರೋಧ, ಮಧ್ಯಾಹ್ನ ಇನ್ನೊಂದು, ಮಳೆ ಬಂದ ದಿನ ಮತ್ತೊಂದು ಎಂಬುದು ಎಲ್ಲಕ್ಕಿಂತ ಸಾಮಾನ್ಯವಾದ ದೂರು, ಮತ್ತು ಮೊದಲು ಬಗೆಹರಿಸಬೇಕಾದದ್ದೂ ಅದೇ. ಆಷಾಢದ ಒಂದು ವಾರ ನಾನು ತಾಮ್ರ ಸೇರಿಸಿದ ಪೊರೆಯೊಂದನ್ನು ಅಳೆಯುತ್ತ ಕೂತಿದ್ದೆ. ಕಿಟಕಿಯಾಚೆ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು, ಪೊರೆಯ ವಾಹಕತೆ ದಿನದಿಂದ ದಿನಕ್ಕೆ ಏರುತ್ತಿತ್ತು, ಡೋಪಿಂಗ್ ಫಲಿಸಿತೆಂದು ನಾನು ಹಿಗ್ಗುತ್ತಿದ್ದೆ. ಒಂದು ಮಧ್ಯಾಹ್ನ ಸಂಪರ್ಕ ಸರಿಯಿದೆಯೇ ಎಂದು ಬಗ್ಗಿ ನೋಡುವಾಗ ನನ್ನ ಉಸಿರು ಪೊರೆಗೆ ತಾಗಿತು. ಮೀಟರಿನ ಅಂಕಿ ಒಮ್ಮೆಲೇ ಜಿಗಿದು, ಅರ್ಧ ನಿಮಿಷದಲ್ಲಿ ಮೆಲ್ಲನೆ ಹಿಂದಕ್ಕೆ ಇಳಿಯಿತು. ಡೋಪಂಟ್ ಹಾಕದ ಪೊರೆಯನ್ನು ತಂದಿಟ್ಟು ಅದರ ಮೇಲೆ ಉಸಿರು ಬಿಟ್ಟರೆ ಅದೂ ಹಾಗೆಯೇ ಜಿಗಿಯಿತು. ವಾರವಿಡೀ ನಾನು ಅಳೆದದ್ದು ಮಳೆಯನ್ನು.

ಹೈಡ್ರಾಕ್ಸೈಡಿನ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಸಾಲಾಗಿ ನಿಂತಿರುತ್ತವೆ. ಗಾಳಿಯ ತೇವ ಅವುಗಳಿಗೆ ಅಂಟಿಕೊಂಡು ಕೆಲವೇ ಅಣುಗಳ ದಪ್ಪದ ನೀರಿನ ಹಾಸು ಕಟ್ಟುತ್ತದೆ. ಆ ಹಾಸಿನಲ್ಲಿ ಪ್ರೋಟಾನುಗಳು ಒಂದು ನೀರಿನ ಅಣುವಿನಿಂದ ಮುಂದಿನದಕ್ಕೆ ಕೈಬದಲಾಗುತ್ತ ಸಾಗುತ್ತವೆ. 5.7 ಎಲೆಕ್ಟ್ರಾನ್‌ವೋಲ್ಟ್ ಅಂತರವಿರುವ ವಸ್ತುವಿನಲ್ಲಿ ಎಲೆಕ್ಟ್ರಾನುಗಳ ಪಾಲು ಸಹಜವಾಗಿಯೇ ಅತ್ಯಲ್ಪವಾಗಿರುವುದರಿಂದ, ಈ ತೆಳು ನೀರಿನ ಹಾಸೇ ಇಡೀ ಅಳತೆಯನ್ನು ನುಂಗಿಬಿಡುತ್ತದೆ.

ಉಸಿರಿನ ಪರೀಕ್ಷೆಗೆ ಖರ್ಚಿಲ್ಲ, ಆದ್ದರಿಂದ ಅದನ್ನೇ ಮೊದಲು ಮಾಡಿ. ಅಂಕಿ ಜಿಗಿದರೆ ಪೊರೆಯನ್ನು 100 ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ತಣಿಸಿ, ಒಣ ನೈಟ್ರೋಜನ್ ಹರಿಯುತ್ತಿರುವ ಪೆಟ್ಟಿಗೆಯೊಳಗೇ ಅಳೆಯಿರಿ. ಕಾಯಿಸುವಾಗ ಮಿತಿ ಮೀರಬಾರದು. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಮಾರು 350 ಡಿಗ್ರಿಯ ಆಸುಪಾಸಿನಲ್ಲಿ ನೀರು ಕಳೆದುಕೊಂಡು ಆಕ್ಸೈಡ್ ಆಗುತ್ತದೆ, ಆಗ ಅದರ ತೂಕದ ಸುಮಾರು 31 ಶೇಕಡಾ ಆವಿಯಾಗಿ ಹೋಗುತ್ತದೆ. ನಿಕ್ಕಲ್ ಹೈಡ್ರಾಕ್ಸೈಡ್ ಇದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಒಡೆಯುತ್ತದೆ. ತೇವ ಓಡಿಸಬೇಕೆಂಬ ಆತುರದಲ್ಲಿ ವಸ್ತುವನ್ನೇ ಬದಲಿಸಿಕೊಂಡವರು ಕಡಿಮೆಯಿಲ್ಲ.

ಒಣಗಿಸಿದ ಮೇಲೂ ಅನುಮಾನ ಉಳಿದರೆ ಸ್ಥಿರ ವೋಲ್ಟೇಜ್ ಪರೀಕ್ಷೆ ನಿರ್ಣಾಯಕ. ಅರ್ಧ ವೋಲ್ಟಿನಷ್ಟು ಒತ್ತಡ ಕೊಟ್ಟು ಹತ್ತಿಪ್ಪತ್ತು ನಿಮಿಷ ಪ್ರವಾಹವನ್ನು ಗಮನಿಸಿ. ಲೋಹದ ಸಂಪರ್ಕದಲ್ಲಿ ಅಯಾನುಗಳು ದಾಟಲಾರದೆ ಗುಂಪುಗೂಡುವುದರಿಂದ ಅಯಾನುಗಳ ಪ್ರವಾಹ ಕ್ರಮೇಣ ಕುಸಿಯುತ್ತದೆ. ಕೊನೆಗೆ ಸ್ಥಿರವಾಗಿ ಉಳಿಯುವುದೇ ಎಲೆಕ್ಟ್ರಾನ್ ಅಥವಾ ರಂಧ್ರಗಳ ಪಾಲು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಡುವ ಒತ್ತಡ 1.23 ವೋಲ್ಟನ್ನು ಮೀರಿದರೆ ಅಂಟಿದ ನೀರು ವಿಭಜನೆಗೊಳ್ಳುವ ಸಾಧ್ಯತೆ ತೆರೆದುಕೊಳ್ಳುತ್ತದೆ. ಆಗ ಪ್ರವಾಹ ಕುಸಿಯದೆ ನಿಂತು, ಅಯಾನು ವಹನವೇ ಎಲೆಕ್ಟ್ರಾನ್ ವಹನದ ವೇಷ ತೊಡುತ್ತದೆ. ಬೇರೆ ಬೇರೆ ಆವರ್ತನದ ಪರ್ಯಾಯ ವಿದ್ಯುತ್ತಿಗೆ ಪೊರೆ ಒಡ್ಡುವ ತಡೆಯನ್ನು ಅಳೆಯುವ ಇಂಪೀಡೆನ್ಸ್ ಉಪಕರಣವಿದ್ದರೆ ಅದರ ರೇಖಾಚಿತ್ರದಲ್ಲಿ ಕಡಿಮೆ ಆವರ್ತನದ ಕಡೆ ನೋಡಿ. ಅರ್ಧವೃತ್ತದ ಬಳಿಕ ಓರೆಯಾಗಿ ಮೇಲೇರುವ ಬಾಲ ಕಂಡರೆ ಅಯಾನುಗಳು ಸಂಪರ್ಕದಲ್ಲಿ ತಡೆದು ನಿಂತಿವೆ ಎಂದರ್ಥ. ಸಾಮಾನ್ಯ ನೀರಿನ ಬದಲು ಭಾರಜಲದ ಆವಿಯಲ್ಲಿಟ್ಟು ಅಳೆದಾಗ ವಾಹಕತೆ ಸ್ಪಷ್ಟವಾಗಿ ತಗ್ಗಿದರೆ ಪ್ರೋಟಾನ್ ಸಿಕ್ಕಿಬಿದ್ದಂತೆಯೇ, ಏಕೆಂದರೆ ಡ್ಯೂಟೀರಿಯಂ ಎರಡರಷ್ಟು ಭಾರ.

ತೊಳೆಯದೆ ಉಳಿದ ಉಪ್ಪು, ಅತಿಯಾಗಿ ತೊಳೆದ ಪೊರೆ

ವಿದ್ಯುತ್ ಲೇಪನದಲ್ಲಿ ಬಹಳ ಮಂದಿ ನೈಟ್ರೇಟ್ ದ್ರಾವಣವನ್ನೇ ಬಳಸುತ್ತಾರೆ. ಕ್ಯಾಥೋಡಿನಲ್ಲಿ ನೈಟ್ರೇಟ್ ಅಪಕರ್ಷಣಗೊಂಡು ಹೈಡ್ರಾಕ್ಸೈಡ್ ಅಯಾನುಗಳನ್ನು ಬಿಡುತ್ತದೆ, ಆ ಜಾಗದಲ್ಲಿ ಪಿಎಚ್ ಏರುತ್ತದೆ, ಲೋಹದ ಹೈಡ್ರಾಕ್ಸೈಡ್ ಗಾಜಿನ ಮೇಲೆ ಒತ್ತರವಾಗಿ (ದ್ರಾವಣದಿಂದ ಘನವಾಗಿ ಬೇರ್ಪಟ್ಟು) ಕೂರುತ್ತದೆ. ಪೊರೆಯ ಸಣ್ಣ ತೂತುಗಳಲ್ಲಿ ಮೆಗ್ನೀಸಿಯಂ ನೈಟ್ರೇಟ್ ಸ್ವಲ್ಪ ಉಳಿದರೂ ಮೇಲೆ ಹೇಳಿದ ತೇವದ ಕಾಟ ಹತ್ತಾರು ಪಟ್ಟಾಗುತ್ತದೆ, ಏಕೆಂದರೆ 25 ಡಿಗ್ರಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 53 ಶೇಕಡಾ ದಾಟಿದೊಡನೆ ಈ ಉಪ್ಪು ತಾನಾಗಿಯೇ ನೀರು ಹೀರಿ ದ್ರಾವಣವಾಗುತ್ತದೆ. ಕರಾವಳಿ, ಮಲೆನಾಡಿನ ಪ್ರಯೋಗಾಲಯಗಳಲ್ಲಿ ಮಳೆಗಾಲವಿಡೀ ಆರ್ದ್ರತೆ ಇದಕ್ಕಿಂತ ಮೇಲೆಯೇ ಇರುತ್ತದೆ. ಅವಕೆಂಪು ವರ್ಣಪಟಲದಲ್ಲಿ 1384 ಸೆಂ.ಮೀ⁻¹ ಬಳಿ ಚೂಪಾದ ಪಟ್ಟೆ ಕಂಡರೆ ನೈಟ್ರೇಟ್ ಉಳಿದಿದೆ ಎಂದು ತಿಳಿಯಬೇಕು. ಹೈಡ್ರಾಕ್ಸಿಲ್ಲಿನ ಸ್ವಂತ ಪಟ್ಟೆ 3700 ಸೆಂ.ಮೀ⁻¹ ಬಳಿ ಇರುತ್ತದೆ, ಇವೆರಡನ್ನು ಗೊಂದಲ ಮಾಡಿಕೊಳ್ಳುವ ಪ್ರಮೇಯವಿಲ್ಲ.

ಹಾಗೆಂದು ಧಾರಾಳವಾಗಿ ನೀರು ಸುರಿದು ತೊಳೆದರೆ ಬೇರೆಯೇ ದೋಷ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಚದರ ಸೆಂಟಿಮೀಟರ್ ಅಗಲದ, 200 ನ್ಯಾನೋಮೀಟರ್ ದಪ್ಪದ ಪೊರೆಯಲ್ಲಿರುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಮಾರು 47 ಮೈಕ್ರೋಗ್ರಾಂ ಮಾತ್ರ. ವಿಲೇಯತಾ ಗುಣಲಬ್ಧವನ್ನು 5.6 × 10⁻¹² ಎಂದು ಹಿಡಿದರೆ ಒಂದು ಲೀಟರ್ ಶುದ್ಧ ನೀರು ಸುಮಾರು 6.5 ಮಿಲಿಗ್ರಾಂ ಕರಗಿಸಬಲ್ಲದು. ಅಂದರೆ ಒಂದೂವರೆ ಚಹಾ ಚಮಚದಷ್ಟು, ಏಳೆಂಟು ಮಿಲಿಲೀಟರ್ ನೀರು ಸಾಕು, ಸಮತೋಲ ತಲುಪುವಷ್ಟು ಹೊತ್ತು ಬಿಟ್ಟರೆ ಪೊರೆ ಪೂರ್ತಿ ಮಾಯ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ಇನ್ನೂ ಬೇಗ. ಆದ್ದರಿಂದ ತೊಳೆಯುವ ನೀರನ್ನು ಮೊದಲು ಕುದಿಸಿ ತಣಿಸಿ, ಅದರಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಕಲಕಿ, ಸೋಸಿದ ಸಂತೃಪ್ತ ದ್ರಾವಣದಿಂದ ಎರಡು ಮೂರು ಬಾರಿ ಬೇಗ ಬೇಗ ಅದ್ದಿ ತೆಗೆದು, ಕೊನೆಗೆ ಎಥನಾಲಿನಿಂದ ತೊಳೆಯುವುದು ನನ್ನ ರೂಢಿ.

ವಾಹಕತೆ ನಂಬಲಾರದಷ್ಟು ಏರಿದರೆ

ಡೋಪಂಟ್ ಚಿಟಿಕೆಯಷ್ಟು, ಏರಿಕೆ ಮಾತ್ರ ಬೆಟ್ಟದಷ್ಟು ಎಂದಾದರೆ ಮೊದಲು ಅಡಿಯ ಗಾಜನ್ನು ಅನುಮಾನಿಸಿ. ಲೇಪನಕ್ಕೆ ಬಳಸುವ ಎಫ್‌ಟಿಒ (ಫ್ಲೋರಿನ್ ಬೆರೆಸಿದ ತವರದ ಆಕ್ಸೈಡಿನ ವಾಹಕ ಲೇಪವಿರುವ) ಗಾಜಿನ ಹಾಳೆ ರೋಧ ಸಾಮಾನ್ಯವಾಗಿ ಚೌಕಕ್ಕೆ 10 ಓಮ್ ಆಸುಪಾಸಿನಲ್ಲಿರುತ್ತದೆ. ಅದರ ಮೇಲಿನ ಪೊರೆಗೆ ನಾಲ್ಕು ಮೊನೆಗಳ ಶೋಧಕವನ್ನು ಒತ್ತಿದಾಗ ಮೊನೆಗಳು ಪೊರೆಯನ್ನು ಚುಚ್ಚಿ ಕೆಳಗಿಳಿದು ಗಾಜಿನ ಲೇಪವನ್ನೇ ಅಳೆದುಬಿಡುತ್ತವೆ. ಬರಿಯ ಎಫ್‌ಟಿಒ ಗಾಜಿನ ಅಂಕಿಗೂ ನಿಮ್ಮ ಪೊರೆಯ ಅಂಕಿಗೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಆ ಅಳತೆಯನ್ನು ಅಲ್ಲಿಗೇ ಕೈಬಿಡಿ. ಪೊರೆಯ ದಪ್ಪದ ದಿಕ್ಕಿನಲ್ಲಿ ಅಳೆಯಲು ಮೇಲೆ ಬೆಳ್ಳಿ ಪೇಸ್ಟ್ ಹಚ್ಚುವವರೂ ಜಾಗರೂಕರಾಗಿರಬೇಕು, ಏಕೆಂದರೆ ಸೂಜಿಮೊನೆಯಂಥ ತೂತೊಂದಿದ್ದರೂ ಪೇಸ್ಟ್ ಅದರಲ್ಲಿ ಇಳಿದು ಶಾರ್ಟ್ ಆಗುತ್ತದೆ. ಒಂದೇ ಪೊರೆಯ ಮೇಲೆ ಬೇರೆ ಬೇರೆ ಅಗಲದ ಹತ್ತು ಹನ್ನೆರಡು ಚುಕ್ಕೆಗಳನ್ನಿಟ್ಟು ಅಳೆಯಿರಿ. ಪ್ರವಾಹ ಚುಕ್ಕೆಯ ವಿಸ್ತೀರ್ಣಕ್ಕೆ ತಕ್ಕಂತೆ ಏರಿದರೆ ಪೊರೆ ಸರಿಯಿದೆ. ಎರಡು ಚುಕ್ಕೆಗಳಲ್ಲಿ ಮಾತ್ರ ಸಾವಿರ ಪಟ್ಟು ಏರಿದರೆ ಅದು ತೂತಿನ ಕೆಲಸ.

ತಾಮ್ರ ಬಳಸುವವರಿಗೆ ಇನ್ನೊಂದು ಬಲೆ ಕಾದಿರುತ್ತದೆ. ಹೈಡ್ರಾಕ್ಸೈಡ್ ಒತ್ತರವಾಗುವ ಅದೇ ಕ್ಯಾಥೋಡಿನಲ್ಲಿ ತಾಮ್ರದ ಅಯಾನು ನೇರವಾಗಿ ಲೋಹವಾಗಿಯೂ ಕೂರಬಲ್ಲದು. ಅದರ ಪ್ರಮಾಣಿತ ಅಪಕರ್ಷಣ ವಿಭವ 0.34 ವೋಲ್ಟ್, ಅಂದರೆ ಬಹಳ ಸುಲಭವಾಗಿ ಲೋಹವಾಗುವ ಅಯಾನು ಅದು. ಜಾಲಕದಲ್ಲಿ (ಹರಳಿನ ಅಯಾನುಗಳ ಕ್ರಮಬದ್ಧ ಚೌಕಟ್ಟಿನಲ್ಲಿ) ಕೂತ ತಾಮ್ರ ಬೇರೆ, ಪೊರೆಯೊಳಗೆ ಸರಪಣಿಯಂತೆ ಹಬ್ಬಿದ ಲೋಹದ ಕಣಗಳು ಬೇರೆ. ಬಿಸಾಡಬಹುದಾದ ತುಣುಕೊಂದರ ಮೇಲೆ ದುರ್ಬಲ ಅಸಿಟಿಕ್ ಆಮ್ಲದ ಒಂದು ಹನಿ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಹೈಡ್ರಾಕ್ಸೈಡ್ ಸದ್ದಿಲ್ಲದೆ ಕರಗಿ ಗಾಜು ಶುಭ್ರವಾದರೆ ಲೋಹವಿಲ್ಲ; ಹನಿಯಡಿಯಲ್ಲಿ ಕೆಂಚು ಧೂಳಿನಂಥ ಚುಕ್ಕೆಗಳು ಉಳಿದುಕೊಂಡರೆ ಅದೇ ತಾಮ್ರದ ಲೋಹ. ಹನಿ ಬಿದ್ದೊಡನೆ ಗುಳ್ಳೆಗಳೆದ್ದರೆ ಅದು ಮೂರನೆಯ ಸುದ್ದಿಯನ್ನು ಹೇಳುತ್ತದೆ: ಪೊರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗತೊಡಗಿದೆ. ಇಷ್ಟು ಚಿಕ್ಕ ಹನಿ ಇಷ್ಟೆಲ್ಲ ಹೇಳುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಉಷ್ಣತೆಯ ಪರೀಕ್ಷೆಯೂ ಜೊತೆಗಿರಲಿ. ಬಿಸಿ ಮಾಡಿದಾಗ ರೋಧ ತುಸು ಏರಿದರೆ ಲೋಹ, ಗಣನೀಯವಾಗಿ ಇಳಿದರೆ ಅರೆವಾಹಕ. ಆದರೆ ತೇವವಿರುವ ಪೊರೆ ಒಣಗುವಾಗಲೂ ರೋಧ ಏರುವುದರಿಂದ, ಒಣಗಿಸಿದ ಪೊರೆಯಲ್ಲೇ ಇದನ್ನು ಮಾಡಬೇಕು. ಕಾರ್ಬನ್ ಸೇರಿಸಿದ ಪೊರೆಗಳಲ್ಲಿ ಲೋಹದ ಬದಲು ಕಾರ್ಬನ್ನಿನ ಹುಡಿಯೇ ದಾರಿ ಮಾಡಿಕೊಳ್ಳಬಹುದು. ರಾಮನ್ ವರ್ಣಪಟಲದಲ್ಲಿ 1350 ಮತ್ತು 1580 ಸೆಂ.ಮೀ⁻¹ ಬಳಿ ಜೋಡಿ ಪಟ್ಟೆಗಳು ಎದ್ದು ಕಂಡರೆ ಬಿಡಿ ಕಾರ್ಬನ್ ಇದೆ.

ಎಷ್ಟು ಹಾಕಿದರೂ ವಾಹಕತೆ ಏರದಿದ್ದರೆ

ಇದು ನಿಜಕ್ಕೂ ಆಳವಾದ ಸಮಸ್ಯೆ. ಸಿಲಿಕಾನಿನಲ್ಲಿ ಫಾಸ್ಫರಸ್ ಹಾಕಿದರೆ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ ಎಂಬ ಪಾಠ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿರುತ್ತದೆಂದರೆ, ಅದೇ ಲೆಕ್ಕವನ್ನು ಹೈಡ್ರಾಕ್ಸೈಡಿಗೂ ಹಚ್ಚಿಬಿಡುತ್ತೇವೆ. ಎರಡು ಆವೇಶದ ಮೆಗ್ನೀಸಿಯಂ ಜಾಗದಲ್ಲಿ ಮೂರು ಆವೇಶದ ಅಲ್ಯೂಮಿನಿಯಂ ಕೂರಿಸಿದರೆ ಒಂದು ಎಲೆಕ್ಟ್ರಾನ್ ಮಿಗಬೇಕಲ್ಲವೆ? ಹೈಡ್ರಾಕ್ಸೈಡ್ ಹಾಗೆ ಮಾಡುವುದಿಲ್ಲ. ಅದರ ಹಾಳೆಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರುವುದರಿಂದ, ಮಿಕ್ಕ ಧನ ಆವೇಶವನ್ನು ಸರಿದೂಗಿಸಲು ಕಾರ್ಬೊನೇಟ್ ಅಥವಾ ನೈಟ್ರೇಟ್ ಅಯಾನುಗಳನ್ನು ನೀರಿನೊಂದಿಗೆ ಹಾಳೆಗಳ ನಡುವೆ ಬಿಟ್ಟುಕೊಳ್ಳುತ್ತದೆ. ಲೆಕ್ಕ ಚುಕ್ತಾ, ಎಲೆಕ್ಟ್ರಾನ್ ಹುಟ್ಟಲೇ ಇಲ್ಲ. ಪೊರೆಗೆ ನೀವು ಕೊಟ್ಟದ್ದು ಡೋಪಂಟ್ ಅಲ್ಲ, ಹೊಸದೊಂದು ಸಂಯುಕ್ತ.

ಎಕ್ಸ್-ಕಿರಣ ವಿವರ್ತನೆ ಇದನ್ನು ನೇರವಾಗಿ ತೋರಿಸುತ್ತದೆ. ತಾಮ್ರದ ಎಕ್ಸ್-ಕಿರಣದಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಮೊದಲ ಶಿಖರ 18.6 ಡಿಗ್ರಿಯ ಬಳಿ ಇರುತ್ತದೆ, ಹಾಳೆಗಳ ಅಂತರ ಸುಮಾರು 4.77 ಆಂಗ್‌ಸ್ಟ್ರಾಮ್. ಅಲ್ಯೂಮಿನಿಯಂ ಸೇರಿಸಿದ ಬಳಿಕ 11.5 ಡಿಗ್ರಿಯ ಬಳಿ ಹೊಸ ಶಿಖರ ಎದ್ದರೆ ಅಂತರ ಸುಮಾರು 7.7 ಆಂಗ್‌ಸ್ಟ್ರಾಮಿಗೆ ಅಗಲಿಸಿದೆ, ಅಂದರೆ ಅಯಾನುಗಳು ಒಳಹೊಕ್ಕು ಪದರಿತ ಜೋಡಿ ಹೈಡ್ರಾಕ್ಸೈಡ್ ಆಗಿದೆ. ನಿಕ್ಕಲ್ ಹೈಡ್ರಾಕ್ಸೈಡಿನಲ್ಲಿ ಮಾತ್ರ ಈ ಶಿಖರವನ್ನು ಕಂಡೊಡನೆ ತೀರ್ಪು ಕೊಡಬಾರದು. ನೀರು ತುಂಬಿದ ಆಲ್ಫಾ ರೂಪದ ಶಿಖರವೂ ಅಲ್ಲೇ ಸಮೀಪದಲ್ಲಿ ಬರುತ್ತದೆ.

ಸಮಾನ ಆವೇಶದ ಡೋಪಂಟ್ ಆರಿಸಿಕೊಂಡರೆ ಈ ತೊಡಕಿಲ್ಲ, ಆದರೆ ಇನ್ನೊಂದು ಇದೆ. ಒತ್ತರವಾಗುವ ಪಿಎಚ್ ಮೆಗ್ನೀಸಿಯಂ, ಡೋಪಂಟ್ ಎರಡಕ್ಕೂ ಒಂದೇ ಅಲ್ಲ. ಲೀಟರಿಗೆ 0.1 ಮೋಲ್ ಮೆಗ್ನೀಸಿಯಂ ಒತ್ತರವಾಗಲು ಪಿಎಚ್ ಸುಮಾರು 8.9 ಬೇಕು, 0.001 ಮೋಲ್ ತಾಮ್ರಕ್ಕೆ 5.7 ಸಾಕು, ಅಷ್ಟೇ ಪ್ರಮಾಣದ ಫೆರಿಕ್ ಕಬ್ಬಿಣಕ್ಕೆ ಎರಡು ದಾಟಿದರೂ ಸಾಕು. ಪಿಎಚ್ ಮೆಲ್ಲಗೆ ಏರಿದರೆ ಡೋಪಂಟ್ ಪೂರ್ತಿ ಮೊದಲೇ ಇಳಿದು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ, ಮೆಗ್ನೀಸಿಯಂ ಅದರ ಮೇಲೆ ಶುದ್ಧವಾಗಿ ಬೆಳೆಯುತ್ತದೆ. ಒಟ್ಟು ರಾಸಾಯನಿಕ ವಿಶ್ಲೇಷಣೆಯಲ್ಲಿ ಡೋಪಂಟ್ ಪ್ರಮಾಣ ಸರಿಯಾಗಿಯೇ ಕಾಣುವುದರಿಂದ ಈ ದೋಷ ಬಹುಕಾಲ ಅಡಗಿರುತ್ತದೆ. ನಿಜವಾಗಿ ಜಾಲಕದೊಳಗೆ ಸೇರಿದ್ದರೆ ಡೋಪಂಟಿನ ಗಾತ್ರಕ್ಕೆ ತಕ್ಕಂತೆ ವಿವರ್ತನೆಯ ಶಿಖರಗಳು ತುಸು ಜರುಗಬೇಕು. ಮೆಗ್ನೀಸಿಯಂ ಅಯಾನಿನ ತ್ರಿಜ್ಯ 0.72, ನಿಕ್ಕಲ್ಲಿನದು 0.69, ತಾಮ್ರದ್ದು 0.73 ಆಂಗ್‌ಸ್ಟ್ರಾಮ್. ನಿಕ್ಕಲ್ ಸೇರಿದಾಗ ಜರುಗುವಿಕೆ ಗೋಚರಿಸುತ್ತದೆ. ತಾಮ್ರದ ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ, ಆಳಕ್ಕಿಳಿಯುತ್ತ ಸಂಯೋಜನೆಯನ್ನು ಅಳೆಯುವ ವಿಧಾನ ಬೇಕು. ಪರಿಹಾರ ಸರಳ: ಎಲ್ಲ ಲೋಹಗಳೂ ಒಟ್ಟಿಗೆ ಒತ್ತರವಾಗುವಂತೆ ಪಿಎಚ್ ಅನ್ನು ಒಮ್ಮೆಲೇ ಏರಿಸಬೇಕು, ಇಲ್ಲವೆ ಮೊದಲೇ ಒಟ್ಟಾಗಿ ಒತ್ತರಿಸಿದ ಕಣಗಳನ್ನು ಹನಿ ಹನಿಯಾಗಿ ಗಾಜಿನ ಮೇಲಿಟ್ಟು ಒಣಗಿಸಬೇಕು. ಎರಡನೆಯದರಲ್ಲಿ ಕ್ಯಾಥೋಡೇ ಇಲ್ಲದ್ದರಿಂದ ತಾಮ್ರ ಲೋಹವಾಗುವ ಭಯವೂ ತಪ್ಪುತ್ತದೆ.

ಡೋಪಂಟ್ ಸರಿಯಾದ ಜಾಗದಲ್ಲೇ ಕೂತಿದ್ದರೂ ಪ್ರಯೋಜನವಾಗದಿರಲು ಕೊನೆಯ ಕಾರಣ ಶಕ್ತಿ ಮಟ್ಟದ ಆಳ. ಕೋಣೆಯ ಉಷ್ಣತೆ ಕೊಡಬಲ್ಲ ಶಕ್ತಿ ಕೇವಲ 0.026 ಎಲೆಕ್ಟ್ರಾನ್‌ವೋಲ್ಟ್. ಡೋಪಂಟ್ ಮಟ್ಟ ಪಟ್ಟಿಯ ಅಂಚಿನಿಂದ 0.1 ಎಲೆಕ್ಟ್ರಾನ್‌ವೋಲ್ಟ್ ದೂರವಿದ್ದರೆ ಬೋಲ್ಟ್ಸ್‌ಮನ್ ಗುಣಕ (ಆ ಅಂತರವನ್ನು ಶಾಖದ ಬಲದಿಂದ ದಾಟುವ ಸಾಧ್ಯತೆಯ ಅಳತೆ) ಸುಮಾರು 0.02, ಒಂದು ಎಲೆಕ್ಟ್ರಾನ್‌ವೋಲ್ಟ್ ದೂರವಿದ್ದರೆ 10⁻¹⁷ ಆಸುಪಾಸು, ಅಂದರೆ ಶೂನ್ಯವೇ. ಅಗಲ ಅಂತರದ ವಸ್ತುಗಳಲ್ಲಿ ಮಟ್ಟಗಳು ಹೀಗೆ ಆಳದಲ್ಲಿ ಕೂರುವುದೇ ಹೆಚ್ಚು. ಒಣ ಪೊರೆಯ ವಾಹಕತೆಯನ್ನು ಹಲವು ಉಷ್ಣತೆಗಳಲ್ಲಿ ಅಳೆದು ಸಕ್ರಿಯಣ ಶಕ್ತಿ ಕಂಡುಹಿಡಿಯಿರಿ. ಅದು ಒಂದು ಎಲೆಕ್ಟ್ರಾನ್‌ವೋಲ್ಟಿನ ಸುತ್ತಮುತ್ತ ಬಂದರೆ ಇನ್ನಷ್ಟು ಡೋಪಂಟ್ ಸುರಿಯುವುದನ್ನು ಬಿಟ್ಟು ಡೋಪಂಟನ್ನೇ ಬದಲಿಸುವುದು ಲೇಸು.

ನಿಕ್ಕಲ್ ಹೈಡ್ರಾಕ್ಸೈಡ್: ಬೇರೆಯೇ ಜಾಯಮಾನ

ಮೇಲಿನ ಕ್ರಮವನ್ನು ನಿಕ್ಕಲ್ ಹೈಡ್ರಾಕ್ಸೈಡಿಗೆ ಹಾಗೆಯೇ ಹಚ್ಚುವಂತಿಲ್ಲ. ಇಲ್ಲಿ ಒಂದು ಪ್ರೋಟಾನ್ ಹೊರಬಿದ್ದರೆ ಸರಿದೂಗಿಸಲು ನಿಕ್ಕಲ್ ತಾನೇ ಎರಡು ಆವೇಶದಿಂದ ಮೂರಕ್ಕೆ ಏರಬಲ್ಲದು, ಆದ್ದರಿಂದ ರಂಧ್ರಗಳು ನಿಜವಾಗಿಯೂ ಹುಟ್ಟುತ್ತವೆ. ತಿಳಿಹಸಿರು ಪೊರೆ ಕಂದು ಬಣ್ಣಕ್ಕೆ ತಿರುಗಿದರೆ ಮೂರು ಆವೇಶದ ನಿಕ್ಕಲ್ ಹೆಚ್ಚಿದೆ, ವಾಹಕತೆಯೂ ಏರಿದೆ ಎಂದರ್ಥ. ಹಾಗಾಗಿ ಪೊರೆಯ ಬಣ್ಣವನ್ನು ದಾಖಲಿಸದೆ ಬರೆದಿಟ್ಟ ವಾಹಕತೆಗೆ ಬೆಲೆಯಿಲ್ಲ.

ಪೂರ್ತಿ ಅಪಕರ್ಷಿತ ಸ್ಥಿತಿಯಲ್ಲಿ ಅದು ಕೆಟ್ಟ ವಾಹಕವೇ. ಎಡಿಸನ್ ತನ್ನ ನಿಕ್ಕಲ್-ಕಬ್ಬಿಣ ಬ್ಯಾಟರಿಯ ಕೊಳವೆಗಳಲ್ಲಿ ಈ ಹೈಡ್ರಾಕ್ಸೈಡಿನ ಜೊತೆ ನಿಕ್ಕಲ್ ಲೋಹದ ತೆಳು ಹಕ್ಕಳೆಗಳನ್ನು ಪದರ ಪದರವಾಗಿ ತುರುಕಿದ್ದು ಈ ಕಾರಣಕ್ಕೇ. ಇಂದಿನ ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶಗಳಲ್ಲಿ ಕೋಬಾಲ್ಟ್ ಹೈಡ್ರಾಕ್ಸೈಡ್ ಆ ಕೆಲಸ ಮಾಡುತ್ತದೆ. ಮೊದಲ ಚಾರ್ಜಿನಲ್ಲಿ ಅದು ನಿಕ್ಕಲ್ಲಿಗಿಂತ ಮುಂಚೆ ಉತ್ಕರ್ಷಣಗೊಂಡು ವಾಹಕವಾದ ಕೋಬಾಲ್ಟ್ ಆಕ್ಸಿಹೈಡ್ರಾಕ್ಸೈಡ್ ಆಗಿ ಕಣಗಳ ಸುತ್ತ ಬಲೆ ನೇಯುತ್ತದೆ, ಸಾಮಾನ್ಯ ಡಿಸ್ಚಾರ್ಜಿನಲ್ಲಿ ಹಿಂದಕ್ಕೆ ಮರಳುವುದಿಲ್ಲ. ಕೋಶವನ್ನು ಅತಿಯಾಗಿ ಬರಿದು ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಆ ಬಲೆ ಅಪಕರ್ಷಣಗೊಂಡು ಕ್ಷಾರದಲ್ಲಿ ಕರಗಿ ಹರಿದುಹೋಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ಣ ಸಾಮರ್ಥ್ಯ ಬರುವುದಿಲ್ಲ. ಪ್ರತಿ ಗ್ರಾಂಗೆ 289 ಮಿಲಿಆಂಪಿಯರ್-ಗಂಟೆಯ ಸೈದ್ಧಾಂತಿಕ ಲೆಕ್ಕಕ್ಕಿಂತ ಬಹಳ ಕಡಿಮೆ ಬರುತ್ತಿದ್ದರೆ ಹೈಡ್ರಾಕ್ಸೈಡ್ ಸತ್ತಿದೆಯೆಂದು ತಿಳಿಯುವ ಮುನ್ನ ಈ ಬಲೆಯನ್ನು ಪರೀಕ್ಷಿಸಬೇಕು.

ಕಬ್ಬಿಣದ ವಿಷಯವನ್ನೂ ಹೇಳದೆ ಬಿಡಲಾಗದು. ನಿಕ್ಕಲ್ ಪೊರೆಗಳಲ್ಲಿ ಕಬ್ಬಿಣದ ಕಶ್ಮಲ ಆಮ್ಲಜನಕ ಬಿಡುಗಡೆಯನ್ನು ವೇಗಗೊಳಿಸುತ್ತದೆ ಎಂದು ಸಂಶೋಧಕ ಕಾರಿಗನ್ 1987ರಲ್ಲೇ ತೋರಿಸಿದ್ದರು. 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ತಂಡ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಗೊತ್ತಿಲ್ಲದೆ ಇರುವ ಕಬ್ಬಿಣವೇ ಪೊರೆಯೊಳಗೆ ಸೇರಿಕೊಳ್ಳುತ್ತದೆ ಎಂಬುದನ್ನು, ಹಾಗೂ ಅದು ಪೊರೆಯ ವಾಹಕತೆಯನ್ನೂ ಬದಲಿಸುತ್ತದೆ ಎಂಬುದನ್ನು ಸ್ಪಷ್ಟಪಡಿಸಿತು. ನೀವು ಹಾಕದ ಡೋಪಂಟ್ ನಿಮ್ಮ ಪೊರೆಯಲ್ಲಿರಬಹುದು. ಶುದ್ಧ ನಿಕ್ಕಲ್ ಹೈಡ್ರಾಕ್ಸೈಡ್ ಪುಡಿಯನ್ನು ಆ ಕ್ಷಾರದಲ್ಲಿ ಕಲಕಿ, ಅದು ಕಬ್ಬಿಣವನ್ನು ಹೀರಿಕೊಂಡ ಮೇಲೆ ತಳಗೂಡಲು ಬಿಟ್ಟು, ಮೇಲಿನ ತಿಳಿಯನ್ನು ಪ್ಲಾಸ್ಟಿಕ್ ಪಾತ್ರೆಗೆ ಬಗ್ಗಿಸಿ ಬಳಸಬೇಕು. ಗಾಜಿನ ಪಾತ್ರೆಯನ್ನು ಕ್ಷಾರ ಕೊರೆಯುವುದರಿಂದ ಅದನ್ನು ಬಳಸಬಾರದು.

ಪೊರೆ ಪಿ-ಬಗೆಯೋ (ರಂಧ್ರಗಳು ವಿದ್ಯುತ್ ಹೊರುವುದು) ಎನ್-ಬಗೆಯೋ (ಎಲೆಕ್ಟ್ರಾನುಗಳು ಹೊರುವುದು) ಎಂದು ತೀರ್ಮಾನಿಸಲು ಬೆಳಕಿನಡಿ ದ್ರಾವಣದಲ್ಲಿ ಪ್ರವಾಹ ಅಳೆಯುವ ವಿಧಾನ ಚೆನ್ನಾಗಿದೆ: ಬೆಳಕು ಬಿದ್ದಾಗ ಕ್ಯಾಥೋಡಿಕ್ ಪ್ರವಾಹ ಏರಿದರೆ ಪಿ-ಬಗೆ, ಆನೋಡಿಕ್ ಏರಿದರೆ ಎನ್-ಬಗೆ. ಆದರೆ ಎಫ್‌ಟಿಒ ಲೇಪ ತಾನೇ ಒಂದು ಎನ್-ಬಗೆಯ ಆಕ್ಸೈಡ್ ಆಗಿದ್ದು, ನೇರಳಾತೀತ ಬೆಳಕಿಗೆ ಸ್ಪಂದಿಸುತ್ತದೆ. ಪೊರೆಯ ಸಂದಿಯಿಂದ ಅದು ಇಣುಕಿದರೂ ಸಾಕು, ನಿಮ್ಮ ಪಿ-ಬಗೆಯ ಪೊರೆ ಎನ್-ಬಗೆಯಂತೆ ವರ್ತಿಸುತ್ತದೆ. ಆದ್ದರಿಂದ ಪ್ರತಿ ಸಲವೂ ಮೂರು ತುಣುಕುಗಳನ್ನು ಒಂದೇ ದಿನ, ಒಂದೇ ದ್ರಾವಣದಲ್ಲಿ, ಒಂದೇ ದೀಪದಡಿ ಅಳೆಯಿರಿ: ಬರಿಯ ಗಾಜು, ಡೋಪಂಟ್ ಇಲ್ಲದ ಪೊರೆ, ಡೋಪಂಟ್ ಇರುವ ಪೊರೆ. ಮೂರನೆಯದರ ಅಂಕಿ ಮೊದಲೆರಡರಿಂದ ದಿಕ್ಕಿನಲ್ಲೋ ಪ್ರಮಾಣದಲ್ಲೋ ಬೇರೆಯಾಗಿ, ಒಣಗಿಸಿದ ಮೇಲೂ ಹಾಗೆಯೇ ನಿಂತರೆ, ಆಗ ಡೋಪಂಟ್ ಪ್ರಮಾಣವನ್ನು ಬದಲಿಸಿ ಮುಂದಿನ ಪೊರೆಗೆ ದ್ರಾವಣ ಕಲಸಬಹುದು.